ಉಜ್ಜದೆ ಬಿಟ್ಟ ಉಂಗುರ

ಒರಟು ಎಂದರೆ ಕೆಟ್ಟದ್ದು ಎಂದು ನನಗೆ ಹೇಳಿಕೊಟ್ಟವರು ಬಹಳ ಜನ. ಶಾಲೆಯಲ್ಲಿ ನನ್ನ ಅಕ್ಷರ ಒರಟು, ಮನೆಯಲ್ಲಿ ಮಾತು ಒರಟು, ನೆಂಟರ ನಡುವೆ ಸ್ವಭಾವವೇ ಒರಟು. ಫರಂಗಿಪೇಟೆಯ ಗ್ಯಾರೇಜಿನಲ್ಲಿ ಹತ್ತು ವರ್ಷ ದುಡಿದ ಮೇಲೆ ಕೆಲಸವೂ ಒರಟು ಎನ್ನಿಸಿಕೊಂಡೆ. ಮೊದಲಿನ ಮೂರನ್ನು ಒಪ್ಪಿಕೊಳ್ಳುತ್ತೇನೆ. ಕೊನೆಯದ್ದನ್ನು ಇವತ್ತಿಗೂ ಒಪ್ಪಿಲ್ಲ, ಒಪ್ಪುವುದೂ ಇಲ್ಲ.

ನಮ್ಮದು ಲಾರಿಗಳ ಟರ್ಬೊ ಬಿಚ್ಚಿ ಜೋಡಿಸುವ ಗ್ಯಾರೇಜು. ಟರ್ಬೊ ಎಂದರೆ ಒಂದೇ ಸರಳಿನ ಎರಡು ತುದಿಯಲ್ಲಿ ಎರಡು ಚಕ್ರ. ಎಂಜಿನ್ನಿನ ಹೊಗೆ ಒಂದನ್ನು ತಿರುಗಿಸುತ್ತದೆ. ಅದರ ಜೊತೆ ತಿರುಗುವ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಎಂಜಿನ್ನಿಗೆ ತುಂಬುತ್ತದೆ. ಈ ಗಾಳಿಚಕ್ರಕ್ಕೆ ಬಸವನಹುಳದ ಚಿಪ್ಪಿನಂಥ ಅಲ್ಯೂಮಿನಿಯಂ ಕವರು. ಚಕ್ರದಿಂದ ಚಿಮ್ಮಿದ ಗಾಳಿ ಚಿಪ್ಪಿಗೆ ಸೇರುವ ಮೊದಲು ಒಂದು ಕಿರಿದಾದ ಸಂದನ್ನು ದಾಟಬೇಕು. ಆ ಸಂದಿಗೆ ಕವರಿನ ಕಡೆಯಿಂದ ಗೋಡೆಯಾಗಿರುವುದು ಉಂಗುರದ ಆಕಾರದ ಒಂದು ಚಪ್ಪಟೆ ಮೈ, ಎರಡು ಬೆರಳಿನಷ್ಟು ಅಗಲ. ಈ ಕತೆ ಆ ಎರಡು ಬೆರಳಿನ ಅಗಲದ್ದು.

ಗ್ಯಾರೇಜಿನ ಯಜಮಾನರನ್ನು ನಾವೆಲ್ಲ ಮೇಸ್ತ್ರಿ ಎನ್ನುತ್ತಿದ್ದೆವು. ಗಲ್ಫಿನಲ್ಲಿ ಹನ್ನೆರಡು ವರ್ಷ ದೊಡ್ಡ ದೊಡ್ಡ ಯಂತ್ರ ಬಿಚ್ಚಿ ಬಂದವರು. ಅವರದ್ದು ತುಳು, ನನ್ನ ಮನೆಮಾತು ಬ್ಯಾರಿ, ನಮ್ಮಿಬ್ಬರ ಜಗಳವೆಲ್ಲ ತುಳುವಿನಲ್ಲೇ. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಬೈಗುಳ ಬಿಟ್ಟು. ಮೇಸ್ತ್ರಿಗೆ ಒಂದು ನೇಮ ಇತ್ತು. ಕೆಲಸ ಮುಗಿದ ಕವರನ್ನು ಬೆಳಕಿಗೆ ಹಿಡಿದು, ಆ ಉಂಗುರದ ಮೈಯಲ್ಲಿ ತನ್ನ ಮೀಸೆ ನೋಡಿಕೊಳ್ಳುತ್ತಿದ್ದರು. ಮೀಸೆ ಸರಿಯಾಗಿ ಕಂಡರೆ ಪಾಸು. ಇಲ್ಲವಾದರೆ ಮತ್ತೆ ಎಮರಿ ಕಾಗದ, ಮತ್ತೆ ಪಾಲಿಶ್, ಮತ್ತೆ ಬಟ್ಟೆ. ಅವರ ಬುತ್ತಿ ಡಬ್ಬಿಯ ಮುಚ್ಚಳವೂ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕೈ ಖಾಲಿ ಇದ್ದರೆ ಸುಮ್ಮನೆ ಕೂತು ಸ್ಪ್ಯಾನರ್ ಉಜ್ಜುತ್ತಿದ್ದರು.

ಇನ್ನೊಂದು ಪದ್ಧತಿ ಗ್ರೀಸಿನದ್ದು. ನೇತ್ರಾವತಿಯ ಬದಿಯ ಊರು ನಮ್ಮದು. ಮಳೆಗಾಲ ಬಂದರೆ ಅಲ್ಯೂಮಿನಿಯಂ ಮೇಲೆ ಬೂಷ್ಟು ಬಂದ ಹಾಗೆ ಬಿಳಿ ಪುಡಿ ಏಳುತ್ತದೆ. ಅದಕ್ಕೆ ಯಾವ ಕವರನ್ನು ಎತ್ತಿಟ್ಟರೂ ಚಕ್ರ ಕೂರುವ ಒಳಮೈಗೆ ದಪ್ಪಗೆ ಗ್ರೀಸು ಮೆತ್ತಿ ಇಡಬೇಕು. ಅಲ್ಲಿ ಚಕ್ರಕ್ಕೂ ಕವರಿಗೂ ಇರುವ ಅಂತರ ಕೂದಲೆಳೆಯಷ್ಟು, ಅದು ಹಾಳಾದರೆ ಕವರೇ ದಂಡ.

ತೊಂಬತ್ತರ ದಶಕದ ಕೊನೆಯ ಒಂದು ಶುಕ್ರವಾರ ನಾನು ಮಾಡಬಾರದ ಕೆಲಸ ಮಾಡಿದೆ. ಕಬ್ಬಿಣದ ಭಾಗಗಳ ಮಸಿ ಬಿಡಿಸಲು ನಾವು ಕಾಸ್ಟಿಕ್ ಸೋಡಾ ನೀರಿನ ಡ್ರಮ್ಮಿನಲ್ಲಿ ನೆನೆಹಾಕುತ್ತಿದ್ದೆವು. ಕಾಸ್ಟಿಕ್ಕಿಗೆ ಅಲ್ಯೂಮಿನಿಯಂ ತೋರಿಸಲೇಬಾರದು, ತಿಂದುಬಿಡುತ್ತದೆ. ಜುಮಾ ನಮಾಜಿಗೆ ಹೊತ್ತಾಗಿತ್ತು. ತಂತಿಯ ಬುಟ್ಟಿಯಲ್ಲಿ ಕಬ್ಬಿಣದ ಸಾಮಾನಿನ ಜೊತೆ ಒಂದು ಕವರೂ ಇತ್ತು, ಹೊರಗೆ ಮಸಿ, ಒಳಗೆ ದಪ್ಪ ಗ್ರೀಸು. ನನ್ನ ಕಣ್ಣಿಗೆ ಗ್ರೀಸು ಕಂಡಿತು, ಲೋಹ ಕಾಣಲಿಲ್ಲ. ಬುಟ್ಟಿಯನ್ನು ಹಾಗೇ ಡ್ರಮ್ಮಿಗೆ ಇಳಿಸಿ ಮಸೀದಿಗೆ ಓಡಿದೆ. ತಿರುಗಿ ಬಂದಾಗ ಡ್ರಮ್ಮಿನಲ್ಲಿ ನೊರೆ ಬುಸುಗುಟ್ಟುತ್ತಿತ್ತು.

ಎತ್ತಿ ತೊಳೆದು ನೋಡಿದರೆ ಹೊರಮೈ ಕಪ್ಪಾಗಿತ್ತು. ಒಳಮೈ ಮಾತ್ರ ಗ್ರೀಸಿನ ದಯೆಯಿಂದ ಹಾಗೇ ಉಳಿದಿತ್ತು. ಉಂಗುರಕ್ಕೆ ಗ್ರೀಸು ಇರಲಿಲ್ಲ. ಅದು ಮರಳು ಕಾಗದದ ಹಾಗೆ ಆಗಿತ್ತು, ಉಗುರು ಎಳೆದರೆ ಕರಕರ ಎನ್ನುತ್ತಿತ್ತು.

ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದರು. ಮೀಸೆ ಕಾಣಲಿಲ್ಲ.

"ಹತ್ತು ವರ್ಷ ಆಯ್ತು ನಿನಗೆ ಇಲ್ಲಿ," ಎಂದರು. "ಮೊನ್ನೆ ಸೇರಿದವನೂ ಹೀಗೆ ಮಾಡುದಿಲ್ಲ."

ಆ ಕವರು ಮುಂಡಾಜೆಯ ಒಬ್ಬರ ಹಂಚಿನ ಲಾರಿಯದ್ದು. ಲಾರಿ ಅವರದ್ದೇ, ಓಡಿಸುವುದೂ ಅವರೇ. ಬಂಟ್ವಾಳದ ಕಡೆಯಿಂದ ಹಂಚು ತುಂಬಿ ಚಾರ್ಮಾಡಿ ಘಾಟಿ ಹತ್ತಿಸುವುದು ಅವರ ಕೆಲಸ. ಅವರ ಲಾರಿಗೆ ಒಂದು ಕಾಯಿಲೆ ಇತ್ತು. ತಿರುವಿನಲ್ಲಿ ಎಂಜಿನ್ ನಿಧಾನವಾಗಿ, ಕಾಲು ಮಾತ್ರ ಆಕ್ಸಿಲರೇಟರನ್ನು ಪೂರ್ತಿ ಒತ್ತಿರುವಾಗ ಟರ್ಬೊ 'ಹುಕ್, ಹುಕ್' ಎಂದು ಗಾಳಿಯನ್ನು ಹಿಂದಕ್ಕೆ ಕಾರುತ್ತಿತ್ತು. ನಾವದಕ್ಕೆ ಬಿಕ್ಕಳಿಕೆ ಎನ್ನುತ್ತಿದ್ದೆವು. ಬಿಕ್ಕಳಿಕೆ ಬಂದರೆ ಎಳೆತ ಹೋಯಿತು. ಹಂಚು ತುಂಬಿದ ಲಾರಿ ತಿರುವಿನ ನಡುವೆ ಹಿಂದಕ್ಕೆ ಜಾರುತ್ತಿತ್ತು. ಒಮ್ಮೆ ಹಿಂದಿನ ಚಕ್ರ ಕಣಿವೆಯ ಅಂಚಿನ ತನಕ ಹೋಗಿ ನಿಂತಿತ್ತಂತೆ. ಅದನ್ನು ಹೇಳುವಾಗ ಅವರು ಚಹಾದ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

ಹೊಸ ಕವರು ಬರಲು ಒಂದು ವಾರ ಬೇಕಿತ್ತು, ಅತ್ತ ಲಾರಿಗೆ ಹಂಚು ತುಂಬಿಯಾಗಿತ್ತು. ಉಜ್ಜಿ ಸರಿ ಮಾಡುವ ಎಂದರೆ ಗುಳಿಗಳು ಆಳ, ಉಜ್ಜಿದಷ್ಟೂ ಸಂದು ಅಗಲವಾಗುತ್ತದೆ. ಮೇಸ್ತ್ರಿ ಮುಖ ಸಿಂಡರಿಸಿಕೊಂಡೇ ಆ ಕವರನ್ನು ಹಾಕಿಸಿದರು. "ಒಂದು ವಾರಕ್ಕೆ ಮಾತ್ರ. ಯಾರಿಗೂ ತೋರಿಸ್ಬೇಡಿ," ಎಂದು ಚಾಲಕರಿಗೆ ಹೇಳಿ ಕಳುಹಿಸಿದರು.

ವಾರದ ಮೇಲೆ ಅವರು ಬಂದರು. ಇಳಿಯುವ ಮೊದಲೇ ಕಿಟಕಿಯಿಂದ ಕೂಗಿದರು. "ಎಂತ ಮಾಡಿದ್ದು ಮಾರಾಯ ನೀನು? ಬಿಕ್ಕಳಿಕೆಯೇ ಇಲ್ಲ! ಒಂದು ತಿರುವಿನಲ್ಲೂ ಇಲ್ಲ!"

ಮೇಸ್ತ್ರಿ ನಕ್ಕರು. ಬೇರಿಂಗ್ ಹೊಸತು ಹಾಕಿದ್ದೇವಲ್ಲ, ಅದಕ್ಕೆ ಎಂದರು. ಹೊಸ ಕವರು ಬಂದಿತ್ತು. ಅರ್ಧ ದಿನ ಕೂತು ತಾವೇ ಉಜ್ಜಿದರು, ಮೀಸೆ ನೋಡಿದರು, ಹಾಕಿಸಿದರು. ಮೂರನೆಯ ದಿನ ಲಾರಿ ಮತ್ತೆ ನಮ್ಮ ಬಾಗಿಲಿನಲ್ಲಿ ನಿಂತಿತ್ತು, ಬಿಕ್ಕಳಿಕೆ ಸಮೇತ.

"ಆ ಕರಿ ಕವರೇ ಕೊಡಿ ನನಗೆ," ಎಂದರು ಚಾಲಕರು.

"ಹಾಳಾದ ಸಾಮಾನು ನನ್ನ ಗ್ಯಾರೇಜಿನಿಂದ ಹೋಗುದಿಲ್ಲ," ಎಂದರು ಮೇಸ್ತ್ರಿ.

ಆಗ ನನ್ನ ತಲೆ ಕೆಲಸ ಮಾಡಲು ಶುರುವಾಯಿತು. ಬೇರಿಂಗ್ ಅದೇ, ಚಕ್ರ ಅದೇ, ಎಂಜಿನ್ ಅದೇ, ಚಾಲಕರು ಅವರೇ. ಬದಲಾದದ್ದು ಕವರು ಒಂದೇ. ಎರಡು ಕವರಿನ ಒಳಮೈಗೂ ವ್ಯತ್ಯಾಸ ಇರಲಿಲ್ಲ, ನಾನೇ ಅಳೆದು ನೋಡಿದೆ. ಉಳಿದದ್ದು ಉಂಗುರ. ನುಣುಪಾದ ಉಂಗುರಕ್ಕೆ ಬಿಕ್ಕಳಿಕೆ ಉಂಟು, ಒರಟು ಉಂಗುರಕ್ಕೆ ಇಲ್ಲ. ಇದನ್ನು ಹೇಳಿದಾಗ ಗ್ಯಾರೇಜಿನಲ್ಲಿ ಇದ್ದವರೆಲ್ಲ ನಕ್ಕರು. ಮೇಸ್ತ್ರಿ ನಗಲಿಲ್ಲ. ಅವರು ಹೇಳಿದ ಮಾತು ಇದು:

"ತಪ್ಪು ಮಾಡಿದ್ದು ನೀನು. ಈಗ ಆ ತಪ್ಪಿಗೆ ಕಿರೀಟ ಇಡ್ಲಿಕ್ಕೆ ಹೊರಟಿದ್ದೀಯ. ಇದೆಲ್ಲ ಉಜ್ಜಲಿಕ್ಕೆ ಉದಾಸೀನ, ಬೇರೆ ಎಂತದ್ದೂ ಅಲ್ಲ."

ಉದಾಸೀನ ಎಂದರೆ ನಮ್ಮ ಕಡೆ ಸೋಮಾರಿತನ. ಬೇರೆ ಯಾವ ಮಾತನ್ನಾದರೂ ನುಂಗುತ್ತಿದ್ದೆ. ಹತ್ತು ವರ್ಷ ಬೆರಳಿನ ಚರ್ಮ ಹೋಗುವ ತನಕ ಉಜ್ಜಿದವನಿಗೆ ಆ ಮಾತು! ಮೈಯೆಲ್ಲ ಉರಿಯಿತು.

"ಹಾಗಾದರೆ ಘಾಟಿಗೆ ಹೋಗುವ," ಎಂದೆ. "ನೀವೂ ಬನ್ನಿ. ಎರಡೂ ಕವರು ತಕ್ಕೊಂಡು ಹೋಗುವ."

ಹೋದೆವು. ಒಂದು ಸೋಮವಾರ ಬೆಳಿಗ್ಗೆ ಹಂಚು ತುಂಬಿದ ಲಾರಿಯಲ್ಲಿ ಮೂವರು. ಮೊದಲು ಹೊಳೆಯುವ ಕವರಿನಲ್ಲಿ ಹತ್ತಿದೆವು. ಮೂರನೆಯ ತಿರುವಿನಲ್ಲೇ ಹುಕ್, ಹುಕ್. ಚಾಲಕರು ಗೇರು ಇಳಿಸಿ, ಬೆವರು ಸುರಿಸಿ, ಹೇಗೋ ಮೇಲಿನ ಅಗಲದ ಜಾಗಕ್ಕೆ ತಲುಪಿಸಿ ತಿರುಗಿಸಿಕೊಂಡರು. ಮುಂಡಾಜೆಗೆ ಇಳಿದು ಅವರ ಮನೆಯ ಎದುರೇ ಕವರು ಬದಲಾಯಿಸಿದೆ. ಬಿಸಿ ಬೋಲ್ಟಿಗೆ ಕೈ ಸುಟ್ಟಿತು, ಗೊತ್ತೇ ಆಗಲಿಲ್ಲ. ಮತ್ತೆ ಹತ್ತಿದೆವು, ಅದೇ ಹಂಚು, ಅದೇ ತಿರುವು. ಮೇಸ್ತ್ರಿ ಕಿವಿಯನ್ನು ಎಂಜಿನ್ನಿನ ಮುಚ್ಚಳದ ಹತ್ತಿರ ತಂದು ಕೂತಿದ್ದರು. ಮೂರನೆಯ ತಿರುವಿನಲ್ಲಿ ಚಾಲಕರು ಬೇಕೆಂದೇ ಗೇರು ಇಳಿಸದೆ ಎಂಜಿನ್ನನ್ನು ನಿಧಾನ ಮಾಡಿ ಕಾಲು ಒತ್ತಿದರು. ಎಂಜಿನ್ ಗುರುಗುಟ್ಟಿತು, ನಡುಗಿತು, ಎಳೆಯಿತು. ಬಿಕ್ಕಳಿಸಲಿಲ್ಲ. ಕೊನೆಯ ತಿರುವಿನ ತನಕ ಬಿಕ್ಕಳಿಸಲಿಲ್ಲ. ನನಗೆ ಕೂಗಬೇಕು ಅನ್ನಿಸಿತು, ಕೂಗಿಯೂ ಬಿಟ್ಟೆ.

ಮೇಲೆ ಇಳಿದು ಮೇಸ್ತ್ರಿ ಒಂದು ಬೀಡಿ ಸೇದಿದರು. ಕೇಳಿದ್ದನ್ನು ಕೇಳಲಿಲ್ಲ ಎನ್ನುವ ಮನುಷ್ಯ ಅಲ್ಲ ಅವರು.

"ಹೌದು, ಶಬ್ದ ಬರಲಿಲ್ಲ," ಎಂದರು. "ಆದ್ರೂ ನನ್ನ ಗ್ಯಾರೇಜಿನಿಂದ ಇಂಥ ಸಾಮಾನು ಹೋಗುದಿಲ್ಲ. ಜನ ಬಿಚ್ಚಿ ನೋಡಿದ್ರೆ ಎಂತ ಹೇಳ್ತಾರೆ?"

"ಘಾಟಿ ಹತ್ತುದು ಜನ ನೋಡ್ಲಿಕ್ಕಾ, ಲಾರಿ ಹೋಗ್ಲಿಕ್ಕಾ?" ಎಂದು ಕೇಳಿದೆ.

ಅವರು ಬೀಡಿಯ ತುಂಡನ್ನು ಎಸೆದು ಲಾರಿ ಹತ್ತಿದರು. ಇಳಿಯುವ ದಾರಿಯಲ್ಲಿ ಮತ್ತೆ ಹೊಳೆಯುವ ಕವರೇ ಹಾಕಿಸಿದರು. ಮರುದಿನ ಕೆಲಸಕ್ಕೆ ಬಂದು ಹುಡುಕಿದರೆ ಕರಿ ಕವರು ಕಪಾಟಿನಲ್ಲಿ ಇರಲಿಲ್ಲ.

"ಗುಜರಿಗೆ ಹಾಕಿದೆ," ಎಂದರು ಮೇಸ್ತ್ರಿ, ಸ್ಪ್ಯಾನರ್ ಉಜ್ಜುತ್ತಾ.

ನನ್ನ ಹತ್ತಿರ ಇದ್ದ ಸಾಕ್ಷಿ ಅದೊಂದೇ. ಇನ್ನು ನಾನು ಏನು ಹೇಳಿದರೂ ಅದು ಸೋಮಾರಿಯ ಸಮಜಾಯಿಷಿ. ಏಪ್ರನ್ ಬಿಚ್ಚಿ ಅವರ ಮೇಜಿನ ಮೇಲೆ ಇಟ್ಟೆ, ಮಡಚಲೂ ಇಲ್ಲ. ಹತ್ತು ವರ್ಷದ ಕೆಲಸ ಬಿಡಲು ಹತ್ತು ನಿಮಿಷವೂ ಬೇಕಾಗಲಿಲ್ಲ.

ಆ ತಿಂಗಳೇ ಗಲ್ಫಿನಲ್ಲಿದ್ದ ಅಣ್ಣ ನನಗೊಂದು ವಿಸಾ ಮಾಡಿಸಿದ. ನನ್ನ ತಾಯಿ, ಉಮ್ಮ, ಖುಷಿಯಿಂದ ಬ್ಯಾಗ್ ತರಿಸಿದರು. ನಾನು ಹೋಗುವುದಿಲ್ಲ ಎಂದೆ. "ಒಂದು ತಗಡಿನ ತುಂಡಿಗೋಸ್ಕರ ವಿಸಾ ಬಿಡುವವನನ್ನು ನಾನು ಕಂಡದ್ದಿಲ್ಲ," ಎಂದು ಉಮ್ಮ ಅತ್ತರು. ಅದು ತಗಡಲ್ಲ, ಅಲ್ಯೂಮಿನಿಯಂ ಎಂದು ನಾನು ತಿದ್ದಿದೆ. ಎರಡು ದಿನ ಅವರು ನನ್ನನ್ನು ಊಟಕ್ಕೆ ಕರೆಯಲಿಲ್ಲ. ಹೋಗಿದ್ದರೆ ಉದಾಸೀನ ಎಂಬ ಮಾತನ್ನು ಇಲ್ಲೇ ಬಿಟ್ಟು ಓಡಿಹೋದ ಹಾಗೆ ಆಗುತ್ತಿತ್ತು. ಅದು ನನ್ನಿಂದ ಸಾಧ್ಯವೇ ಇರಲಿಲ್ಲ.

ನರಿಕೊಂಬಿನಲ್ಲಿ ಹೊಳೆಯ ಹತ್ತಿರ ಒಂದು ಶೆಡ್ ಹಿಡಿದೆ. ತಪ್ಪನ್ನೇ ಕ್ರಮ ಮಾಡಿಕೊಂಡೆ. ಬೇಡದ ಕಡೆಗೆಲ್ಲ ಗ್ರೀಸು, ಬೇಕಾದ ಉಂಗುರಕ್ಕೆ ಮಾತ್ರ ಕಾಸ್ಟಿಕ್ಕು. ಮೊದಲನೆಯ ಕವರಿನಲ್ಲಿ ಗ್ರೀಸು ತೆಳುವಾಗಿ ಒಳಮೈಯೂ ಸವೆದುಹೋಯಿತು. ಅದನ್ನು ಹಾಕಿಸಿಕೊಂಡ ಮುಂಡಾಜೆಯ ಚಾಲಕರ ಲಾರಿ ಘಾಟಿಯ ಬುಡದಲ್ಲೇ ಉಸಿರು ಬಿಟ್ಟು ನಿಂತಿತು. ಅವರಿಗೆ ಹೊಸ ಕವರು ನಾನೇ ತಂದುಕೊಟ್ಟೆ, ಅದನ್ನೂ ಕಾಸ್ಟಿಕ್ಕಿಗೆ ಹಿಡಿಯಲು ಅಪ್ಪಣೆ ಕೇಳಿದೆ. ಅವರು ತಲೆ ಕೆರೆದುಕೊಂಡು, "ಹಾಳಾಗ್ಲಿ, ಮಾಡು," ಎಂದರು. ಎರಡನೆಯದ್ದು ಗೆದ್ದಿತು. ಆ ಲಾರಿ ಮುಂದೆ ಘಾಟಿಯಲ್ಲಿ ಹಿಂದಕ್ಕೆ ಜಾರಿದ್ದನ್ನು ನಾನು ಕೇಳಲಿಲ್ಲ.

ಎಲ್ಲ ಗಾಡಿಗೂ ಇದೇ ಮದ್ದು ಎಂದು ನಾನು ಹೇಳಿಲ್ಲ. ಹೆದ್ದಾರಿಯಲ್ಲಿ ಸುಯ್ಯೆಂದು ಓಡುವ ಒಂದು ಲಾರಿಗೆ ಮಾಡಿಕೊಟ್ಟೆ, ಓಟದಲ್ಲಿ ಸ್ವಲ್ಪ ಭಾರವಾಯಿತು ಎಂದು ತಿರುಗಿ ತಂದರು. ಸರಿಯಾದ ಮಾತೇ. ಒರಟು ಮೈ ಗಾಳಿಯನ್ನು ತಡೆಯುತ್ತದೆ, ಪುಕ್ಕಟೆಯಾಗಿ ಏನೂ ಸಿಗುವುದಿಲ್ಲ. ಅವರಿಗೆ ನುಣುಪು ಕವರೇ ಹಾಕಿಕೊಟ್ಟೆ. ನನ್ನನ್ನು ನೋಡಿ ಇನ್ನೊಬ್ಬ ಗ್ಯಾರೇಜಿನವ ಇಡೀ ಕವರನ್ನೇ ಉಳಿಯಿಂದ ಕೆತ್ತಿ ಚಕ್ರ ಮುರಿದುಕೊಂಡ. ಅದಕ್ಕೂ ಬೈಗುಳ ನನಗೇ ಬಂತು. ಫರಂಗಿಪೇಟೆಯ ಹೋಟೆಲಿನಲ್ಲಿ ಯಾರಾದರೂ ನನ್ನ ಮಾತೆತ್ತಿದರೆ ಮೇಸ್ತ್ರಿ ಆಗಲೂ ಅದೇ ಹೇಳುತ್ತಿದ್ದರಂತೆ: "ಅವನಿಗೆ ಉಜ್ಜಲಿಕ್ಕೆ ಉದಾಸೀನ."

ಎರಡು ಸಾವಿರದ ನಂತರದ ವರ್ಷಗಳಲ್ಲಿ ಮೂಡುಬಿದಿರೆಯ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರೊಬ್ಬರು ನನ್ನ ಶೆಡ್ಡಿಗೆ ಬಂದರು. ಯಾವುದೋ ಲಾರಿಯವರು ಹೇಳಿದ್ದನ್ನು ಕೇಳಿ ಬಂದಿದ್ದರು. ಉಂಗುರವನ್ನು ಬೆರಳಿನಿಂದ ಮುಟ್ಟಿ ನೋಡಿ, ಇದನ್ನು ಕಾಲೇಜಿನಲ್ಲಿ ಪರೀಕ್ಷೆ ಮಾಡುವ, ಬರ್ತೀರಾ ಎಂದು ಕೇಳಿದರು. ಅವರು ಕೊಟ್ಟ ಅಳತೆಗೆ ಉಂಗುರದಂಥ ಎರಡು ತಟ್ಟೆ ಮಾಡಿಕೊಂಡು ಬಸ್ಸು ಹತ್ತಿದೆ, ಒಂದು ನುಣುಪು, ಒಂದು ಒರಟು. ಅಲ್ಲಿನ ವಿಭಾಗದ ಮುಖ್ಯಸ್ಥರು ನನ್ನ ಚಪ್ಪಲಿಯಿಂದ ತಲೆಯವರೆಗೆ ಒಮ್ಮೆ ನೋಡಿದರು.

"ಗಾಳಿ ಹರಿಯುವ ದಾರಿ ನುಣುಪಾಗಿರಬೇಕು. ಎಲ್ಲ ಪುಸ್ತಕದಲ್ಲೂ ಉಂಟು," ಎಂದರು.

"ಆ ಪುಸ್ತಕ ಹಂಚು ತುಂಬಿಕೊಂಡು ಚಾರ್ಮಾಡಿ ಹತ್ತಿದೆಯಾ ಸಾರ್?" ಎಂದೆ. ಹಿಂದೆ ನಿಂತಿದ್ದ ವಿದ್ಯಾರ್ಥಿಗಳು ಕೆಮ್ಮಿದರು.

ಒಂದು ದೊಡ್ಡ ಬ್ಲೋವರಿಗೆ ಪಾರದರ್ಶಕ ಮುಚ್ಚಳ ಹಾಕಿ, ಸಂದಿನಲ್ಲಿ ಅಲ್ಲಲ್ಲಿ ಉಲ್ಲನ್ ನೂಲಿನ ತುಂಡು ಅಂಟಿಸಿದ್ದರು. ನುಣುಪು ತಟ್ಟೆ ಹಾಕಿ ಗಾಳಿಯ ಬಾಯಿಯನ್ನು ಮೆಲ್ಲಮೆಲ್ಲಗೆ ಕಿರಿದು ಮಾಡಿದರು. ನೂಲುಗಳು ಮೊದಲು ಓರೆಯಾದವು, ಆಮೇಲೆ ಅಡ್ಡ ಮಲಗಿದವು, ಕೊನೆಗೆ ಒದ್ದಾಡುತ್ತಾ ಒಳಮುಖಕ್ಕೆ ತಿರುಗಿದವು. ಬ್ಲೋವರ್ ಹುಕ್ ಎಂದಿತು. ಅದೇ ಬಿಕ್ಕಳಿಕೆ! ಇಷ್ಟು ವರ್ಷ ಕಿವಿಯಲ್ಲಿ ಕೇಳಿದ್ದನ್ನು ಮೊದಲ ಸಲ ಕಣ್ಣಿನಲ್ಲಿ ನೋಡಿದೆ. ಒರಟು ತಟ್ಟೆ ಹಾಕಿ ಬಾಯಿಯನ್ನು ಅಷ್ಟೇ ಕಿರಿದು ಮಾಡಿದರು. ನೂಲುಗಳು ಓರೆಯಾದವು, ಅಲ್ಲಿಗೇ ನಿಂತವು. ಇನ್ನೂ ಕಿರಿದು ಮಾಡಿದ ಮೇಲಷ್ಟೇ ತಿರುಗಿದವು.

ಮೇಷ್ಟ್ರು ವಿವರಿಸಿದರು. ಗಾಳಿ ಕಡಿಮೆಯಾದಾಗ ಅದು ಸಂದಿನಲ್ಲಿ ಸುತ್ತು ಹಾಕುತ್ತಲೇ ಇರುತ್ತದೆ, ಜಂಕ್ಷನ್ನಿನಲ್ಲಿ ದಾರಿ ಗೊತ್ತಿಲ್ಲದ ಲಾರಿಯ ಹಾಗೆ. ಹೊರಕ್ಕೆ ನುಗ್ಗುವ ಶಕ್ತಿ ಇಲ್ಲದೆ ಗೋಡೆಯ ಹತ್ತಿರದ ಗಾಳಿ ಹಿಂದಕ್ಕೆ ಬೀಳುತ್ತದೆ. ಒರಟು ಗೋಡೆ ಆ ಸುತ್ತಾಟವನ್ನು ಹಿಡಿದು ಕಡಿಮೆ ಮಾಡುತ್ತದೆ. ಸುತ್ತು ಕಡಿಮೆಯಾದರೆ ಹೊರಗಿನ ದಾರಿ ನೇರವಾಗುತ್ತದೆ. ನನಗೆ ಅದು ತಕ್ಷಣ ಅರ್ಥವಾಯಿತು. ಮುಖ್ಯಸ್ಥರು ಇನ್ನೊಮ್ಮೆ ಮಾಡಿ ತೋರಿಸಲು ಹೇಳಿದರು, ನೋಡಿದರು, ನನಗೆ ಚಹಾ ತರಿಸಿದರು. ವಿದ್ಯಾರ್ಥಿಗಳ ವರದಿಯಲ್ಲಿ ನನ್ನ ಬಗ್ಗೆ 'ಸ್ಥಳೀಯ ಮೆಕ್ಯಾನಿಕ್ ಒಬ್ಬರು' ಎಂದು ಬರೆದಿದ್ದರು. ಆ 'ಒಬ್ಬರು' ಯಾರೆಂದು ಬರೆಯಲು ಅವರ ಪೆನ್ನಿನ ಇಂಕು ಮುಗಿದಿತ್ತೋ ಏನೋ.

ಆ ವರದಿಯ ಒಂದು ಪ್ರತಿಯನ್ನು ಫರಂಗಿಪೇಟೆಗೆ ತೆಗೆದುಕೊಂಡು ಹೋಗಿ ಮೇಸ್ತ್ರಿಯ ಮೇಜಿನ ಮೇಲೆ ಇಟ್ಟು ಬಂದೆ. ಆದರೆ ಹೋಟೆಲಿನಲ್ಲಿ ಅವರ ಮಾತು ನಿಲ್ಲಲಿಲ್ಲ.

ಅದಾಗಿ ಕೆಲವು ವರ್ಷಗಳ ಮೇಲೆ ಮೇಸ್ತ್ರಿಗೆ ಕಣ್ಣು ಮಂದವಾಯಿತು. ಗ್ಯಾರೇಜು ಮುಚ್ಚುತ್ತೇನೆ, ಬೇಕಾದ ಉಪಕರಣ ಇದ್ದರೆ ಬಂದು ತೆಗೆದುಕೊಂಡು ಹೋಗಲಿ ಎಂದು ಹೇಳಿ ಕಳುಹಿಸಿದರು. ಹೋಗಬಾರದು ಎಂದುಕೊಂಡೆ, ಹೋದೆ. ಅವರು ಸ್ಟೂಲಿನ ಮೇಲೆ ಕೂತು ಒಂದು ಸ್ಪ್ಯಾನರನ್ನು ಉಜ್ಜುತ್ತಿದ್ದರು. ಕಣ್ಣು ಕಾಣದಿದ್ದರೂ ಕೈಗೆ ಅಭ್ಯಾಸ. ಸುತ್ತಲಿನ ಸಾಮಾನೆಲ್ಲ ಫಳಫಳ, ಬೀಗದ ಕೈಯೂ ಸೇರಿ.

"ಕೆಳಗಿನ ಕಪಾಟು ನೋಡು," ಎಂದರು.

ಹಳೆಯ ಲುಂಗಿ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು. ಬಿಚ್ಚಿದರೆ ಕರಿ ಕವರು. ಗುಜರಿಗೆ ಹೋದ ನನ್ನ ಕವರು. ಒಳಮೈಯಲ್ಲಿ ಗ್ರೀಸು ಇತ್ತು. ಹಳೆಯದು ಒಣಗಿ ಹಳದಿ ಕಟ್ಟಿದ ಗ್ರೀಸಲ್ಲ, ಬೆರಳಿಗೆ ಮೆತ್ತಗೆ ಅಂಟುವ ಹೊಸ ಗ್ರೀಸು, ಆ ವರ್ಷದ ಮಳೆಗೆ ಮೊದಲು ಹಚ್ಚಿದ್ದು. ಒಂದು ಚೂರು ಬಿಳಿ ಪುಡಿ ಎದ್ದಿರಲಿಲ್ಲ. ಅಂದರೆ ಹಿಂದಿನ ವರ್ಷವೂ ಹಚ್ಚಿದ್ದರು, ಅದರ ಹಿಂದಿನ ವರ್ಷವೂ.

ಸಿಟ್ಟು ಉಕ್ಕಿ ಬಂತು. ಸುಳ್ಳು ಹೇಳುವುದಿಲ್ಲ, ಮೊದಲು ಬಂದದ್ದು ಸಿಟ್ಟೇ.

"ಗುಜರಿಗೆ ಹಾಕಿದೆ ಅಂದದ್ದಲ್ವಾ ನೀವು? ನನಗೆ ಉದಾಸೀನ ಅಂತ ಊರಿಡೀ ಹೇಳಿಕೊಂಡು ತಿರುಗಿದ್ದಲ್ವಾ?"

"ಹೇಳಿದೆ," ಎಂದರು. ತಲೆ ಎತ್ತಲಿಲ್ಲ. "ಈಗಲೂ ಹೇಳ್ತೇನೆ. ಸಾಮಾನಿಗೆ ಹೊಳಪು ಬೇಕು."

"ಬೇಡ," ಎಂದೆ.

"ಬೇಕು," ಎಂದರು.

ಹೀಗೆ ಸ್ವಲ್ಪ ಹೊತ್ತು ಜಗಳ ಆಡಿದೆವು, ತುಳುವಿನಲ್ಲಿ, ಮೊದಲಿನ ಹಾಗೇ. ಅವರು ಸೋಲಲಿಲ್ಲ, ನಾನೂ ಸೋಲಲಿಲ್ಲ. ಉಪಕರಣ ಯಾವುದೂ ನನಗೆ ಬೇಡ ಎಂದು ಹೇಳಿ, ಕವರೊಂದನ್ನೇ ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಕೂತು ಬಟ್ಟೆ ಸರಿಸಿ ಉಂಗುರದ ಮೇಲೆ ಉಗುರು ಎಳೆದೆ. ಕರಕರ ಎಂದಿತು, ನಾನು ಡ್ರಮ್ಮಿನಿಂದ ಎತ್ತಿದ ದಿನ ಅಂದ ಹಾಗೆಯೇ. ಬುತ್ತಿ ಡಬ್ಬಿಯನ್ನೂ ಬಿಡದೆ ಉಜ್ಜುವ ಕೈಗೆ ವರ್ಷಕ್ಕೊಮ್ಮೆ ಈ ಕವರು ಸಿಕ್ಕಿತ್ತು. ಆ ಕೈ ಗ್ರೀಸು ಹಚ್ಚಿ, ಉಂಗುರಕ್ಕೆ ಒಂದು ಸಲವೂ ಎಮರಿ ತಾಗಿಸದೆ, ಹಾಗೇ ಸುತ್ತಿ ಇಟ್ಟಿತ್ತು. ಮೇಸ್ತ್ರಿ ಅದನ್ನು ಉಜ್ಜದೆ ಬಿಟ್ಟದ್ದು ಉದಾಸೀನದಿಂದಲ್ಲ.